ಸುಪರ್ದಿಯ ಅರ್ಜಿಯಿಂದ ಎರಡನೇ ಶನಿವಾರದವರೆಗೆ

ವಿಚ್ಛೇದನವಾದಾಗ ನನ್ನ ಮಗಳಿಗೆ ಆರು ವರ್ಷ. ಅವಳು ತಾಯಿಯೊಂದಿಗೆ ಕೋಲಾರದ ಅಜ್ಜನ ಮನೆ ಸೇರಿದಳು, ನಾನು ತುಮಕೂರಿನಲ್ಲೇ ಉಳಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಂ ತಂದೆಯನ್ನು ಸಹಜ ಪೋಷಕನೆನ್ನುತ್ತದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆನ್ನುತ್ತದೆ. ಐದು ದಾಟಿತಲ್ಲ, ಇನ್ನು ಮಗಳು ನನ್ನ ಬಳಿಗೇ ಬರುತ್ತಾಳೆಂದು ನಂಬಿ ಪೂರ್ಣ ಸುಪರ್ದಿ ಕೇಳಿ ಅರ್ಜಿ ಹಾಕಿದೆ. ಅದೇ ಕಾಯ್ದೆಯ 13ನೇ ಕಲಮಿನ ಪ್ರಕಾರ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮುಖ್ಯ. ವಕೀಲರು ಅದನ್ನು ತೋರಿಸಿದ್ದರೂ ಆಗ ನನ್ನ ಮನಸ್ಸಿಗೆ ಇಳಿದಿರಲಿಲ್ಲ.

1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯ (ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಆಕ್ಟ್) ಪ್ರಕಾರ ಮಗು ಸಾಮಾನ್ಯವಾಗಿ ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಅರ್ಜಿ ನಡೆಯಬೇಕಾದ್ದರಿಂದ ಪ್ರತಿ ವಾಯಿದೆಗೂ ತುಮಕೂರಿನಿಂದ ಹೊರಟು, ಮೆಜೆಸ್ಟಿಕ್‌ನಲ್ಲಿ ಬಸ್ಸು ಬದಲಿಸಿ ಕೋಲಾರಕ್ಕೆ ಹೋಗುತ್ತಿದ್ದೆ.

ಮಧ್ಯಂತರ ಆದೇಶದಂತೆ ಮೊದಲ ಭೇಟಿಗಳು ನ್ಯಾಯಾಲಯದ ಆವರಣದಲ್ಲೇ ನಡೆದವು. ಮಗಳು ಬೂಟು ಬಿಚ್ಚದೆ, ಬೆನ್ನ ಮೇಲಿನ ಬ್ಯಾಗನ್ನೂ ಇಳಿಸದೆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದಳು. ಒಮ್ಮೆ, "ಮನೇಲಿ ನನ್ನ ಬಗ್ಗೆ ಏನಂತಾರೆ?" ಎಂದು ಕೇಳಿಬಿಟ್ಟೆ. ಅವಳು ಉತ್ತರ ಕೊಡಲಿಲ್ಲ, ಬ್ಯಾಗಿನ ಪಟ್ಟಿಯನ್ನು ಬಾಯಿಗಿಟ್ಟು ಕಚ್ಚತೊಡಗಿದಳು. ಆ ಪ್ರಶ್ನೆ ಕೇಳಿದ್ದು ನಾನು ಮಾಡಿದ ದೊಡ್ಡ ತಪ್ಪು, ಮತ್ತೆಂದೂ ಕೇಳಲಿಲ್ಲ.

ಆಪ್ತಸಮಾಲೋಚಕಿಯೊಬ್ಬರು ಒಂದು ದಿನ, "ಮಗು ನಿಮ್ಮ ಹತ್ರ ಬಂದ್ರೆ ಬೆಳಿಗ್ಗೆ ಜಡೆ ಹಾಕೋರು ಯಾರು ಸಾರ್?" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆ ರಾತ್ರಿಯೇ ಅಕ್ಕನನ್ನು ಕೂರಿಸಿಕೊಂಡು, ಅವಳ ಕೂದಲಲ್ಲೇ ಮೂರೆಳೆ ಜಡೆ ಹಾಕುವುದನ್ನು ಕಲಿಯತೊಡಗಿದೆ.

ಮಧ್ಯಸ್ಥಿಕೆಯ ಹಂತದಲ್ಲಿ ಪೂರ್ಣ ಸುಪರ್ದಿಯ ಬೇಡಿಕೆ ಕೈಬಿಟ್ಟು, ವಕೀಲರ ಜೊತೆ ಕೂತು ಒಂದು ವೇಳಾಪಟ್ಟಿ ಬರೆದೆ: ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆಯಿಂದ ಭಾನುವಾರ ಸಂಜೆಯವರೆಗೆ ತುಮಕೂರು, ದಸರಾ ಮತ್ತು ಬೇಸಿಗೆ ರಜೆಯಲ್ಲಿ ಅರ್ಧರ್ಧ, ಬುಧವಾರ ರಾತ್ರಿ ವಿಡಿಯೊ ಕರೆ. ಸುಪರ್ದಿ ಸಿಗದ ಪೋಷಕರಿಗೂ ಮಗುವನ್ನು ಭೇಟಿಯಾಗಲು ಸಾಕಷ್ಟು ಅವಕಾಶವಿರಬೇಕು, ದೂರದಲ್ಲಿದ್ದರೆ ವಿಡಿಯೊ ಕರೆಯಂಥ ಸಂಪರ್ಕವೂ ಬೇಕು ಎಂದು ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ನಮಗೆ ಆಧಾರವಾಯಿತು. "ಅನುಕೂಲವಾದಾಗ ಭೇಟಿ" ಎಂಬ ಮಾತನ್ನು ಒಪ್ಪಂದದಲ್ಲಿ ಎಲ್ಲಿಯೂ ಬರೆಸಬೇಡಿ; ವಾರ, ಗಂಟೆ, ಮಗುವನ್ನು ಕರೆತಂದು ಒಪ್ಪಿಸುವ ಜಾಗ, ಎಲ್ಲವೂ ನಮೂದಾಗಿರಲಿ. ತಾಯಿ ಕೆಲವು ಬದಲಾವಣೆ ಕೇಳಿದರು. ನಾನು ಗಮನಿಸದಿದ್ದ ಸಂಗೀತದ ಪಾಠದ ಸಮಯ ಅದರಲ್ಲಿತ್ತು. ಅವರು ಹೇಳಿದ್ದೇ ಸರಿ, ಒಪ್ಪಿದೆ. ಒಮ್ಮೆ ಎರಡು ಭೇಟಿ ತಪ್ಪಿದಾಗಲೂ ಜೀವನಾಂಶವನ್ನು ನಿಲ್ಲಿಸಲಿಲ್ಲ. ಮಗುವಿನ ಶಾಲೆಯ ಶುಲ್ಕಕ್ಕೂ ನಮ್ಮ ಮನಸ್ತಾಪಕ್ಕೂ ಸಂಬಂಧವಿಲ್ಲ.

ಮೊದಲ ಸಲ ತುಮಕೂರಿನಲ್ಲಿ ಉಳಿದ ರಾತ್ರಿ ಮಗಳು ಬ್ಯಾಗನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು. ಬೆಳಿಗ್ಗೆ ನಾನು ಹಾಕಿದ ಜಡೆ ನಾಮದ ಚಿಲುಮೆಯ ಜಿಂಕೆಗಳನ್ನು ನೋಡುವಷ್ಟರಲ್ಲೇ ಬಿಚ್ಚಿಕೊಂಡಿತ್ತು, ಅಲ್ಲೇ ಕಲ್ಲಿನ ಮೇಲೆ ಕೂರಿಸಿ ಮತ್ತೆ ಹಾಕಿದೆ. ಈಗ ಅವಳಿಗೆ ಹನ್ನೊಂದು. ಕಳೆದ ತಿಂಗಳು ಗೆಳತಿಯ ಹುಟ್ಟುಹಬ್ಬವಿದೆಯೆಂದು ಎರಡನೇ ಶನಿವಾರ ಬರುವುದಿಲ್ಲ ಎಂದು ಅವಳೇ ಫೋನ್ ಮಾಡಿದಳು. "ಹೋಗಿ ಬಾ ಮಗಳೇ" ಎಂದೆ. ಅದಕ್ಕೆ ಬದಲಾಗಿ ಇನ್ನೊಂದು ದಿನ ಕೇಳಲಿಲ್ಲ.