ಟರ್ಕಿಗೆ ಮೊದಲ ಸಲ ಹೊರಟವರಿಗೆ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಇಸ್ತಾಂಬುಲ್‌ನಲ್ಲಿ ಊಟದ ಚಿಂತೆ ಜಾಸ್ತಿ ಬೇಡ, ಆದರೆ ಕೇಳಿ ತಿನ್ನಿ. ಅಲ್ಲಿನ ಬೇಳೆ ಸೂಪ್ ನೋಡೋಕೆ ನಮ್ಮ ತೊವ್ವೆ ತರಹವೇ ಇರುತ್ತದೆ, ಆದರೆ ಕೆಲವು ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರುತ್ತಾರೆ. 'ಎತ್ಸಿಜ್?' ಅಂತ ಕೇಳಿ, ಮಾಂಸ ಹಾಕಿಲ್ಲ ತಾನೇ ಅಂತ ಅವರಿಗೆ ಅರ್ಥವಾಗುತ್ತದೆ. 'ಚೀ ಕೊಫ್ತೆ' ಅಂದರೆ ಹಸಿ ಮಾಂಸದ ಉಂಡೆ ಅಂತ, ಆದರೆ ಹೆಸರು ಕೇಳಿ ಹೆದರಬೇಡಿ. ಈಗ ಅಂಗಡಿಗಳಲ್ಲಿ ಮಾರುವುದು ಮಾಂಸವಿಲ್ಲದ್ದು. ಗೋಧಿ ನುಚ್ಚಿಗೆ ಟೊಮ್ಯಾಟೊ, ಮೆಣಸಿನಕಾಯಿ ಪೇಸ್ಟ್ ಹಾಕಿ ಚೆನ್ನಾಗಿ ನಾದಿ, ಸೊಪ್ಪಿನ ಜೊತೆ ತೆಳು ರೊಟ್ಟಿಯಲ್ಲಿ ಸುತ್ತಿ, ನಿಂಬೆ ಹಿಂಡಿ ಕೊಡುತ್ತಾರೆ. ನಮ್ಮ ನಾಲಿಗೆಗೆ ಹಿಡಿಸುವ ಖಾರ!

ಏನಾದರೂ ಕೇಳಿದಾಗ ಹುಬ್ಬು ಮೇಲೆತ್ತಿ 'ತ್ಚ್' ಅಂದರೆ ಇಲ್ಲ ಅಂತ ಅಷ್ಟೇ. ಅದು ಸಿಟ್ಟಲ್ಲ, ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ.

ಮಸೀದಿ ನೋಡಲು ಹೋಗುವಾಗ ಹೆಂಗಸರು ತಲೆಗೆ ಒಂದು ದುಪಟ್ಟಾ ಇಟ್ಟುಕೊಳ್ಳಿ. ನಮಾಜಿನ ಹೊತ್ತಲ್ಲಿ, ಅದರಲ್ಲೂ ಶುಕ್ರವಾರ ಮಧ್ಯಾಹ್ನ, ಪ್ರವಾಸಿಗರನ್ನು ಒಳಗೆ ಬಿಡುವುದಿಲ್ಲ. ನೀಲಿ ಮಸೀದಿಗೆ ಟಿಕೆಟ್ ಇಲ್ಲ. ಹಿಂದೆ ಚರ್ಚ್ ಆಗಿದ್ದ ಹಗಿಯಾ ಸೋಫಿಯಾ ಮಸೀದಿಗೆ 2024ರ ಜನವರಿಯಿಂದ ವಿದೇಶಿ ಪ್ರವಾಸಿಗರಿಗೆ 25 ಯೂರೋ ಇಟ್ಟಿದ್ದಾರೆ. ದುಬಾರಿಯೇ, ಆದರೂ ತಪ್ಪಿಸಬೇಡಿ.

ಗ್ರ್ಯಾಂಡ್ ಬಜಾರ್ ಭಾನುವಾರ ಮುಚ್ಚಿರುತ್ತದೆ. ಅಲ್ಲಿ ಕಾರ್ಪೆಟ್ ಅಂಗಡಿಯವರು ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಟೀ ಕೊಟ್ಟರೆ ಖುಷಿಯಿಂದ ಕುಡಿಯಿರಿ. ಕುಡಿದ ಮಾತ್ರಕ್ಕೆ ಕೊಳ್ಳಲೇಬೇಕು ಅಂತೇನಿಲ್ಲ.