ಮನೆಯಲ್ಲಿ ಅಲರ್ಜಿ ಇದ್ದವರಿದ್ದಾಗ ಯಾವ ಪ್ರಾಣಿ ಸಾಕಬಹುದು? ಕೊಡಗಿನ ಮಳೆಯನ್ನೂ ಲೆಕ್ಕಕ್ಕೆ ಹಿಡಿದು

ನಮ್ಮ ಕಡೆ ತೋಟದ ಮನೆ ಅಂದರೆ ನಾಯಿ ಇರಲೇಬೇಕು. ರಾತ್ರಿ ಆನೆ ಬಂದರೂ, ಕಾಡುಹಂದಿ ಬಂದರೂ ಮೊದಲು ಅದಕ್ಕೇ ಗೊತ್ತಾಗುವುದು. ಅಕ್ಕಿ ಮೂಟೆಗೆ ಇಲಿ ಬೀಳದ ಹಾಗೆ ಬೆಕ್ಕೂ ಬೇಕು. ಆದರೆ ಮನೆಯಲ್ಲಿ ಒಬ್ಬರಿಗೆ ಅಲರ್ಜಿ ಇದ್ದರೆ ಸುಮ್ನೆ ಯಾರೋ ಕೊಟ್ಟರು ಅಂತ ಮರಿ ತರಬಾರದು. ನನ್ನ ಮಗಳಿಗೆ ಅಲರ್ಜಿ ಜೊತೆಗೆ ಉಬ್ಬಸವೂ ಇದೆ. ನಾವಿರುವುದು ಸೋಮವಾರಪೇಟೆ ಕಡೆ, ಹಳೆಯ ಹಂಚಿನ ಮನೆಯಲ್ಲಿ. ಅವಳಿಗೋಸ್ಕರ ಕೇಳಿ, ವಿಚಾರಿಸಿ, ಮಾಡಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಕೆಲಸ, ಅಲರ್ಜಿ ಯಾವುದಕ್ಕೆ ಅಂತ ತಿಳಿದುಕೊಳ್ಳುವುದು. ಕೊಡಗಿನಲ್ಲಿ ಇದನ್ನು ಊಹೆ ಮಾಡಿ ಹೇಳಲಿಕ್ಕೆ ಆಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಷ್ಟು, ಬೀರುವಿನಲ್ಲಿ ಬೂಷ್ಟು. ಹತ್ತಿ ಹಾಸಿಗೆ ಬಿಸಿಲು ಕಾಣುವುದೇ ಇಲ್ಲ. ಅಂಥ ತೇವದಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ ಜಾಸ್ತಿಯಾಗುತ್ತದೆ. ಕಾಫಿ ಕೊಯ್ಲು ಮುಗಿದು ಬೀಜ ಹಸನು ಮಾಡುವಾಗ ಏಳುವ ಧೂಳೂ ಕೆಲವರಿಗೆ ಆಗುವುದಿಲ್ಲ. ಇಷ್ಟರ ಮಧ್ಯೆ ಮಗು ಸೀನಿದರೆ ಬೈಗುಳ ಮಾತ್ರ ಬೆಕ್ಕಿಗೆ!

ಚರ್ಮದ ಪರೀಕ್ಷೆ ಅಂತ ಒಂದಿದೆ. ಮಗಳಿಗೆ ಮೈಸೂರಿನಲ್ಲಿ ಮಾಡಿಸಿದೆವು. ಮುಂಗೈ ಒಳಭಾಗದಲ್ಲಿ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಗುರುತಿನ ಪಕ್ಕ ಒಂದೊಂದು ಹನಿ ದ್ರವ ಬಿಟ್ಟರು. ಧೂಳಿನ ಹುಳದ್ದು, ಬೂಷ್ಟಿನದ್ದು, ಬೆಕ್ಕಿನದ್ದು, ನಾಯಿಯದ್ದು. ಆ ಹನಿಯ ಮೇಲೆ ಸಣ್ಣಗೆ ಚುಚ್ಚಿದರು. ರಕ್ತ ಬರುವುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಕೈ ಅಲ್ಲಾಡಿಸದೆ ಕೂರಬೇಕು. ಆಗದ ವಸ್ತುವಿನ ಜಾಗದಲ್ಲಿ ಸೊಳ್ಳೆ ಕಚ್ಚಿದ ಹಾಗೆ ಗುಳ್ಳೆ ಏಳುತ್ತದೆ, ಅದನ್ನು ಸ್ಕೇಲಿಟ್ಟು ಅಳೆಯುತ್ತಾರೆ. ಮಗಳಿಗೆ ಧೂಳಿನ ಹುಳಕ್ಕೂ ಬೆಕ್ಕಿಗೂ ದೊಡ್ಡದಾಗಿ ಎದ್ದಿತು. ನಾಯಿಯ ಜಾಗ ಸ್ವಲ್ಪ ಕೆಂಪಾಗಿದ್ದು ಬಿಟ್ಟರೆ ಏನೂ ಇಲ್ಲ. ಪರೀಕ್ಷೆಗೆ ಮೊದಲು ಕೆಲವು ದಿನ ಅಲರ್ಜಿ ಮಾತ್ರೆ ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನ ಅಂತ ಡಾಕ್ಟರನ್ನೇ ಕೇಳಿ. ಇನ್‌ಹೇಲರ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಮಾತ್ರೆ ನಿಲ್ಲಿಸಲು ಆಗದವರಿಗೆ ರಕ್ತ ಪರೀಕ್ಷೆ ಇದೆ. ಉಬ್ಬಸ ಹತೋಟಿಯಲ್ಲಿಲ್ಲ, ಆಗಾಗ ಆಸ್ಪತ್ರೆಗೆ ಓಡಬೇಕಾಗುತ್ತದೆ ಅನ್ನುವವರು ರೋಮದ ಪ್ರಾಣಿಯ ಯೋಚನೆಯನ್ನು ಸದ್ಯಕ್ಕೆ ಬಿಡುವುದೇ ಒಳ್ಳೆಯದು.

ಎರಡನೆಯ ವಿಷಯ, ಅಲರ್ಜಿ ಬರುವುದು ಕೂದಲಿನಿಂದಲೇ ಅಂತ ತುಂಬಾ ಜನ ತಿಳಿದಿದ್ದಾರೆ. ನಿಜವಾಗಿ ತೊಂದರೆ ಕೊಡುವುದು ಪ್ರಾಣಿಯ ಜೊಲ್ಲು, ಚರ್ಮದ ಹೊಟ್ಟು, ಮೂತ್ರ ಇವುಗಳಲ್ಲಿರುವ ಪ್ರೋಟೀನು. ಅದಕ್ಕೇ ‘ಕೂದಲು ಉದುರದ ತಳಿ, ಅಲರ್ಜಿ ಬರುವುದೇ ಇಲ್ಲ’ ಅಂತ ಹೇಳಿ ದುಬಾರಿ ಮರಿ ಮಾರುವವರನ್ನು ನಂಬಬೇಡಿ. ಅಲರ್ಜಿಯೇ ಬಾರದ ನಾಯಿ ತಳಿ ಅಂತ ಯಾವುದೂ ಇಲ್ಲ. ಒಂದೇ ತಳಿಯ ಎರಡು ನಾಯಿಗಳಲ್ಲಿ ಒಂದು ಒಬ್ಬರಿಗೆ ಆಗಬಹುದು, ಇನ್ನೊಂದು ಆಗದೇ ಇರಬಹುದು. ನಮ್ಮ ಊರಿನ ನಾಯಿ ಈ ಲೆಕ್ಕದಲ್ಲಿ ಯಾರಿಗೂ ಕಡಿಮೆಯಿಲ್ಲ. ಮಳೆ ಚಳಿ ತಡೆಯುತ್ತದೆ, ಜಗಲಿಯಲ್ಲಿ ಇರುತ್ತದೆ.

ಬೆಕ್ಕು ಇವೆಲ್ಲಕ್ಕಿಂತ ಕಷ್ಟ. ಅದು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ. ಜೊಲ್ಲು ಒಣಗಿ ತೀರಾ ಸಣ್ಣ ಪುಡಿಯಾಗಿ ಗಾಳಿಯಲ್ಲಿ ತೇಲುತ್ತಾ ಇರುತ್ತದೆ. ಬಟ್ಟೆಗೆ, ಸೋಫಾಕ್ಕೆ ಅಂಟಿಕೊಳ್ಳುತ್ತದೆ. ಬೆಕ್ಕನ್ನು ಬೇರೆ ಮನೆಗೆ ಕೊಟ್ಟ ಮೇಲೂ ತಿಂಗಳುಗಟ್ಟಲೆ ಮನೆಯಲ್ಲಿ ಉಳಿಯುತ್ತದೆ. ಹಾಗಾಗಿ ಬೆಕ್ಕು ಕಳಿಸಿ ಒಂದು ವಾರ ನೋಡಿ, ‘ಕಮ್ಮಿ ಆಗಲಿಲ್ಲ, ಬೆಕ್ಕಿನಿಂದ ಅಲ್ಲ’ ಅನ್ನುವುದು ಸರಿಯಲ್ಲ. ಬೆಕ್ಕಿನ ಅಲರ್ಜಿ ಖಾತ್ರಿ ಇದ್ದವರ ಮನೆಗೆ ಬೆಕ್ಕು ಬೇಡ ಅನ್ನುವುದೇ ನನ್ನ ಅಭಿಪ್ರಾಯ. ಇಲಿಗೆ ಬೋನು ಇಡಿ.

ನಾಯಿ ಆಗಬಹುದು ಅನ್ನಿಸಿದರೆ ಮರಿಯ ಬಗ್ಗೆ ಮಾತು ಕೊಡುವ ಮೊದಲು ನಾಯಿ ಇರುವ ಮನೆಗೆ ಹೋಗಿ ಕೂತು ನೋಡಿ. ಒಂದು ಸಲ ಒಣ ದಿನಗಳಲ್ಲಿ, ಫೆಬ್ರವರಿ ಮಾರ್ಚ್‌ನಲ್ಲಿ. ಆಗ ಬೂಷ್ಟಿನ ಕಾಟ ಕಡಿಮೆ, ಸೀನು ಬಂದರೆ ನಾಯಿಯಿಂದಲೇ ಇರಬೇಕು ಅನ್ನಲಿಕ್ಕೆ ದಾರಿ ಇದೆ. ಇನ್ನೊಂದು ಸಲ ಕಕ್ಕಡದ, ಅಂದರೆ ಜುಲೈ ಆಗಸ್ಟ್‌ನ ಮಳೆಯಲ್ಲಿ, ಬಾಗಿಲು ಕಿಟಕಿ ಎಲ್ಲ ಹಾಕಿ ನಾಯಿಯೂ ಒಲೆ ಹತ್ತಿರ ಮಲಗಿರುವಾಗ. ನಿಮ್ಮ ಮನೆಯ ಮಳೆಗಾಲ ಹೇಗಿರುತ್ತದೆ ಅಂತ ಅಲ್ಲಿ ಗೊತ್ತಾಗುತ್ತದೆ. ಒಂದೆರಡು ಗಂಟೆಯಾದರೂ ಇರಿ. ನಾಯಿಯನ್ನು ಮುಟ್ಟಲಿ, ಕೈ ನೆಕ್ಕಿಸಿಕೊಳ್ಳಲಿ. ಆಮೇಲೆ ಕಣ್ಣು ತುರಿಕೆ, ಮೈಮೇಲೆ ಗಂಧೆ, ಎದೆಯಲ್ಲಿ ಸುಂಯ್ ಅನ್ನುವ ಸದ್ದು ಬರುತ್ತದಾ ನೋಡಿ. ರಾತ್ರಿಯೂ ಗಮನಿಸಿ, ಕೆಲವರಿಗೆ ಗಂಟೆಗಳ ನಂತರ ಶುರುವಾಗುತ್ತದೆ. ಹೋಗುವಾಗ ಇನ್‌ಹೇಲರ್ ಜೊತೆಯಲ್ಲಿರಲಿ. ಹಿಂದೆ ಜೋರಾಗಿ ಉಸಿರು ಕಟ್ಟಿದ್ದವರು ಡಾಕ್ಟರನ್ನು ಕೇಳದೆ ಇದನ್ನು ಮಾಡಬೇಡಿ.

ಗಂಡು ಹೆಣ್ಣಿನ ವಿಷಯವೂ ಇದೆ. ಗಂಡು ನಾಯಿಯಲ್ಲಿ ಮಾತ್ರ ಬರುವ ಒಂದು ಪ್ರೋಟೀನಿಗೆ ಕೆಲವರಿಗೆ ಅಲರ್ಜಿ. ಅದೊಂದಕ್ಕೆ ಮಾತ್ರ ಅಲರ್ಜಿ ಇರುವವರಿಗೆ ಹೆಣ್ಣು ನಾಯಿ ಆಗಬಹುದು. ಊರಲ್ಲಿ ಹೆಣ್ಣು ಮರಿಯನ್ನು ಯಾರೂ ಕೇಳುವುದಿಲ್ಲ, ಚೀಲದಲ್ಲಿ ಕಟ್ಟಿ ರಸ್ತೆ ಬದಿ ಬಿಟ್ಟು ಹೋಗುತ್ತಾರೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಹೆಣ್ಣು ಮರಿ ತಂದು ಆಪರೇಷನ್ ಮಾಡಿಸಿ ಸಾಕಿ. ಕಾವಲಿಗೆ ಏನೂ ಕಮ್ಮಿಯಿಲ್ಲ.

ಬೇರೆ ಪ್ರಾಣಿಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಮೊಲ, ಗಿನಿಯಿಲಿ ಸಣ್ಣವು ಅಂತ ಸುರಕ್ಷಿತ ಅಲ್ಲ, ಅವುಗಳ ಜೊಲ್ಲು, ಮೂತ್ರಕ್ಕೂ ಅಲರ್ಜಿ ಬರುತ್ತದೆ. ಒಣ ಹುಲ್ಲಿನ ಧೂಳು ಬೇರೆ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಪುಡಿ ಕೆಲವರ ಶ್ವಾಸಕೋಶವನ್ನೇ ಹಾಳು ಮಾಡುತ್ತದೆ, ಉಬ್ಬಸ ಇರುವ ಮನೆಗೆ ಬೇಡ. ತೋಟಕ್ಕೆ ಬರುವ ಗಿಳಿ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ನಕ್ಷತ್ರ ಆಮೆಗೂ ಇದೇ ಕಾನೂನು. ಮೀನು ಎಲ್ಲಕ್ಕಿಂತ ಸಲೀಸು. ತೊಟ್ಟಿಗೆ ಮುಚ್ಚಳ ಇರಲಿ, ಇಲ್ಲದಿದ್ದರೆ ಮೊದಲೇ ತೇವ ಇರುವ ಕೋಣೆಗೆ ಇನ್ನಷ್ಟು ತೇವ. ಮೀನಿನ ಒಣ ಆಹಾರದ ಪುಡಿಯೂ ಕೆಲವರಿಗೆ ಆಗದು, ಅದನ್ನು ಬೇರೆಯವರು ಹಾಕಲಿ. ಸಾಕಿ ಬೇಜಾರಾದರೆ ಹಾರಂಗಿಗೋ ಕಾವೇರಿಗೋ ಬಿಡಬೇಡಿ.

ಮರಿ ತರುವ ಕಾಲ ತುಂಬಾ ಮುಖ್ಯ. ಮಳೆಯಲ್ಲಿ ತಂದ ಮರಿಯನ್ನು ಯಾರೂ ಜಗಲಿಯಲ್ಲಿ ಬಿಡುವುದಿಲ್ಲ. ಪಾಪ ಅಂತ ಅಡುಗೆಮನೆಗೆ ಬರುತ್ತದೆ, ಅಲ್ಲಿಂದ ಹಾಸಿಗೆಗೆ. ಆ ಅಭ್ಯಾಸ ಬಿಡಿಸುವುದು ಕಷ್ಟ. ನಾವು ಪುತ್ತರಿ, ಅಂದರೆ ನವೆಂಬರ್ ಡಿಸೆಂಬರ್ ಹೊತ್ತಿಗೆ ಬರುವ ಕೊಡಗಿನ ಸುಗ್ಗಿ ಹಬ್ಬ ಕಳೆದ ಮೇಲೆ ತಂದೆವು. ಅತ್ತೆಗೆ ಅದು ಇಷ್ಟವಿರಲಿಲ್ಲ. ‘ಇಷ್ಟು ಚಳಿಯಲ್ಲಿ ಮರೀನ ಹೊರಗೆ ಮಲಗಿಸ್ತೀಯಾ?’ ಅಂದರು. ‘ನೀವೇ ಜಾಗ ತೋರಿಸಿ ಅತ್ತೆ, ಮಗಳ ಕೋಣೆ ಒಂದು ಬಿಟ್ಟು’ ಅಂದೆ. ಜಗಲಿಯ ಮೂಲೆಯಲ್ಲಿ, ಒಲೆಯ ಗೋಡೆಯ ಬಿಸಿ ತಾಗುವ ಕಡೆ ಅವರೇ ಹಲಗೆ ಹಾಕಿಸಿದರು. ಮುಂದಿನ ಮಳೆ ಬರುವ ಹೊತ್ತಿಗೆ ನಾಯಿಗೆ ಅದೇ ಮನೆ ಆಗಿತ್ತು, ರೇಬಿಸ್ ಲಸಿಕೆಯೂ ಆಗಿತ್ತು.

ಹಲಗೆ ಮೇಲೆ ಕಾಫಿ ಗೋಣಿ ಹಾಸಬೇಡಿ. ಅದರಲ್ಲಿರುವ ಧೂಳು ನಾಯಿಯ ಮೈಗೆ, ಅಲ್ಲಿಂದ ಮಗುವಿನ ಮೂಗಿಗೆ. ಹಳೆಯ ಕಾಟನ್ ಬೆಡ್‌ಶೀಟ್ ಎರಡು ಮಡಿಕೆ ಮಾಡಿ ಹಾಸಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯಿರಿ. ನಾಯಿಯ ಮೈ ಬಾಚುವ ಕೆಲಸ ಅಂಗಳದಲ್ಲಿ, ಅಲರ್ಜಿ ಇಲ್ಲದವರು ಮಾಡಲಿ. ಸ್ನಾನ ಮಾಡಿಸಿದರೆ ಕೆಲವು ದಿನ ಅನುಕೂಲ, ಆಮೇಲೆ ಮತ್ತೆ ಮೊದಲಿನ ಹಾಗೇ. ಮಳೆಗಾಲದಲ್ಲಿ ಪದೇ ಪದೇ ಸ್ನಾನ ಮಾಡಿಸಿದರೆ ಮೈ ಒಣಗದೆ ನಾಯಿಗೇ ಚರ್ಮದ ಕಾಯಿಲೆ ಬರುತ್ತದೆ. ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಉಜ್ಜಿದರೆ ಸಾಕು. ತೋಟದಿಂದ ಬಂದಾಗ ಕಿವಿ ಹಿಂದೆ, ಬೆರಳ ಸಂದಿಯಲ್ಲಿ ಉಣ್ಣಿ, ಜಿಗಣೆ ಇದೆಯಾ ಅಂತಲೂ ಆಗಲೇ ನೋಡಿಬಿಡಿ. ಮಗಳ ಕೋಣೆಗೆ ನಾಯಿ ಯಾವತ್ತೂ ಹೋಗುವುದಿಲ್ಲ. ಅಲ್ಲಿ ಜಮಖಾನೆಯೂ ಇಲ್ಲ. ನಾಯಿ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯದೆ ಕಣ್ಣು ಉಜ್ಜುವ ಹಾಗಿಲ್ಲ.

ಒಂದು ಮಾತು ಮರಿ ತರುವ ಮೊದಲೇ ಆಗಬೇಕು. ಮೊದಲ ಭೇಟಿಯಲ್ಲಿ ಏನೂ ಆಗದವರಿಗೂ ಕೆಲವು ತಿಂಗಳು ಜೊತೆಯಲ್ಲಿದ್ದ ಮೇಲೆ ಅಲರ್ಜಿ ಶುರುವಾಗಬಹುದು. ಆಗ ಆ ನಾಯಿ ಎಲ್ಲಿಗೆ ಹೋಗಬೇಕು? ಸಂತೆಯಲ್ಲಿ ಬಿಟ್ಟು ಬರುವ ಮಾತೇ ಇಲ್ಲ. ನಾವು ಪಕ್ಕದ ತೋಟದವರ ಹತ್ತಿರ ಮೊದಲೇ ಕೇಳಿ, ಅವರು ಒಪ್ಪಿದ ಮೇಲೆಯೇ ಮರಿ ತಂದೆವು. ನಾಯಿಗೂ ಅವರ ಪರಿಚಯ ಇರಲಿ ಅಂತ ನಾವು ಊರಿಗೆ ಹೋದಾಗ ಅವರ ಮನೆಯಲ್ಲೇ ಬಿಡುತ್ತೇವೆ. ಅವರು ಊಟ ಹಾಕಿದರೂ ತಿನ್ನುತ್ತದೆ.