ಮದುವೆ ಫೋಟೋಗಳಲ್ಲಿ ಮುಖ ರೀಟಚ್ ಮಾಡೋದು: ನನ್ನ ಅನುಭವ

ಬಸವನಗುಡಿ, ಮಲ್ಲೇಶ್ವರದ ಕಲ್ಯಾಣ ಮಂಟಪಗಳಲ್ಲಿ ಮದುವೆ ಫೋಟೋ ತೆಗೆಯೋದು ನನ್ನ ಕೆಲಸ. "ಸಾರ್, ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಿಬಿಡಿ" ಅಂತ ಕೇಳುವವರು ಜಾಸ್ತಿ. ನಾನು ಮಾಡುವುದಿಲ್ಲ. ಬಣ್ಣ ಅವರದ್ದೇ ಇರಬೇಕು, ಕೆಲಸ ಏನಿದ್ದರೂ ನೆರಳು ಬೆಳಕಿನಲ್ಲಿ. ಫೋಟೋಶಾಪ್ ಕಲಿಯುತ್ತಾ ನನಗೆ ಗಟ್ಟಿಯಾಗಿದ್ದು ಇದೊಂದೇ.

ಮೊದಲು ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣುವಂತೆ ಫೋಟೋದ ಬಣ್ಣ ಸರಿಮಾಡುವುದು. ಮಂಟಪದಲ್ಲಿ ಒಂದು ಕಡೆ ಹಳದಿ ಲೈಟು, ಇನ್ನೊಂದು ಕಡೆ ವಿಡಿಯೋದವರ ಲೈಟು. ಮದುಮಗನ ಪಂಚೆ ಬೆಳ್ಳಗಿದೆಯಲ್ಲಾ, ಸಾಫ್ಟ್‌ವೇರಿಗೆ ಇದೇ ಬಿಳಿ ಅಂತ ತೋರಿಸೋಣ ಅಂತ ಅದರ ಮೇಲೆ ಕ್ಲಿಕ್ ಮಾಡಬೇಡಿ. ಪಂಚೆಗೆ ನೀಲಿ ಹಾಕಿರುತ್ತಾರೆ, ಸಾಫ್ಟ್‌ವೇರ್ ಆ ನೀಲಿಯನ್ನು ತೆಗೆಯಲು ಹೋಗಿ ಎಲ್ಲರ ಮುಖಕ್ಕೂ ಹಳದಿ ಬಳಿಯುತ್ತದೆ. ನಾನು ಗ್ರೇ ಕಾರ್ಡ್ (ಬೇರೆ ಬಣ್ಣದ ಛಾಯೆ ಇಲ್ಲದ ಬೂದು ಕಾರ್ಡು) ಹಿಡಿದು ಒಂದು ಫೋಟೋ ತೆಗೆದಿಟ್ಟುಕೊಂಡು, ಅದರ ಮೇಲೆ ಕ್ಲಿಕ್ ಮಾಡುತ್ತೇನೆ.

ಆಮೇಲೆ ಖಾಲಿ ಲೇಯರ್ (ಫೋಟೋದ ಮೇಲೆ ಹಾಸುವ ಪಾರದರ್ಶಕ ಹಾಳೆಯಂಥದ್ದು) ಮೇಲೆ ಹೀಲಿಂಗ್ ಬ್ರಷ್, ಅಂದರೆ ಸುತ್ತಲಿನ ಚರ್ಮ ತಂದು ಕಲೆ ಮುಚ್ಚುವ ಬ್ರಷ್. ಮೊಡವೆ ನಾಲ್ಕು ದಿನದಲ್ಲಿ ಹೋಗುವಂಥದ್ದು, ಅದನ್ನು ತೆಗೆಯುತ್ತೇನೆ. ಮಚ್ಚೆ, ಹಳೆಯ ಗಾಯದ ಗುರುತು ಮುಟ್ಟುವುದಿಲ್ಲ.

ಫ್ರೀಕ್ವೆನ್ಸಿ ಸೆಪರೇಷನ್ ಅಂತ ಒಂದಿದೆ, ಚರ್ಮದ ಬಣ್ಣ ಒಂದು ಲೇಯರಿಗೆ, ರಂಧ್ರದಂಥ ಸಣ್ಣ ವಿವರ ಇನ್ನೊಂದಕ್ಕೆ ಬೇರೆ ಮಾಡುವುದು; ಎಲ್ಲರೂ ಅದನ್ನೇ ಮೊದಲು ಹೇಳಿಕೊಡುತ್ತಾರೆ. ಫೋಟೋದ ಎರಡು ಕಾಪಿ ಮಾಡಿ, ಕೆಳಗಿನದಕ್ಕೆ ಚರ್ಮದ ರಂಧ್ರಗಳು ಮರೆಯಾಗುವಷ್ಟು ಗಾಸಿಯನ್ ಬ್ಲರ್ (ಚಿತ್ರವನ್ನು ಮಸುಕು ಮಾಡುವ ಫಿಲ್ಟರ್). ಮೇಲಿನದಕ್ಕೆ ಫೋಟೋಶಾಪ್‌ನ ಅಪ್ಲೈ ಇಮೇಜ್ ಅನ್ನೋ ಆಯ್ಕೆಯಲ್ಲಿ ಆ ಬ್ಲರ್ ಲೇಯರ್ ಆರಿಸಿ ಸಬ್‌ಟ್ರ್ಯಾಕ್ಟ್, ಸ್ಕೇಲ್ 2, ಆಫ್‌ಸೆಟ್ 128 (ಇದು 8 ಬಿಟ್ ಫೈಲಿಗೆ), ಬ್ಲೆಂಡ್ ಮೋಡ್ ಲೀನಿಯರ್ ಲೈಟ್. ಈಗ ಬಣ್ಣ ಕೆಳಗೆ, ರಂಧ್ರ ಮೇಲೆ. ದುಡ್ಡು ಕೊಡಲು ಆಗದವರು ಗಿಂಪ್ ಅನ್ನೋ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ಅದರ 2.10 ಆವೃತ್ತಿಯಿಂದ ವೇವ್‌ಲೆಟ್ ಡಿಕಂಪೋಸ್ ಅಂತಿದೆ, ಹೆಚ್ಚುಕಮ್ಮಿ ಇದೇ ಕೆಲಸ. ಆದರೆ ಕೆಳಗಿನ ಲೇಯರನ್ನು ಮತ್ತೆ ಮತ್ತೆ ಬ್ಲರ್ ಮಾಡುತ್ತಾ ಹೋದರೆ ಮುಖ ಮೇಣದ ಗೊಂಬೆಯಾಗುತ್ತದೆ.

ನನ್ನ ಕೈ ಹಿಡಿದದ್ದು ಡಾಡ್ಜ್ ಅಂಡ್ ಬರ್ನ್, ಅಂದರೆ ಬೇಕಾದ ಕಡೆ ಮಾತ್ರ ಬೆಳಕು ಏರಿಸುವುದು, ನೆರಳು ಕೂಡಿಸುವುದು. ಎರಡು ಕರ್ವ್ಸ್ ಲೇಯರ್ (ಬೆಳಕು ಏರಿಸಿ ಇಳಿಸುವಂಥದ್ದು), ಒಂದು ಬೆಳಕಿಗೆ, ಒಂದು ನೆರಳಿಗೆ, ಎರಡರ ಮಾಸ್ಕೂ ಕಪ್ಪು; ಮಾಸ್ಕ್ ಅಂದರೆ ಲೇಯರಿನ ಮರೆ, ಕಪ್ಪಿದ್ದಲ್ಲಿ ಪರಿಣಾಮ ಕಾಣುವುದಿಲ್ಲ, ಬಿಳಿ ಬಳಿದಲ್ಲಿ ಕಾಣುತ್ತದೆ. ಮಾಸ್ಕ್ ಮೇಲೆ ಬಿಳಿ ಬ್ರಷ್, ಫ್ಲೋ (ಬ್ರಷ್ಷಿನಿಂದ ಬಣ್ಣ ಇಳಿಯುವ ಪ್ರಮಾಣ) 1ರಿಂದ 2 ಪರ್ಸೆಂಟ್ ಅಷ್ಟೇ. ಎಲ್ಲಕ್ಕಿಂತ ಮೇಲೆ ತಾತ್ಕಾಲಿಕವಾಗಿ ಒಂದು ಬ್ಲ್ಯಾಕ್ ಅಂಡ್ ವೈಟ್ ಲೇಯರ್ ಇಟ್ಟರೆ ಬಣ್ಣ ಕಣ್ಣಿಗೆ ಅಡ್ಡ ಬರುವುದಿಲ್ಲ, ಕೆನ್ನೆ ಮೇಲಿನ ತೇಪೆಗಳು ಎದ್ದು ಕಾಣುತ್ತವೆ. ಕಣ್ಣಿನ ಕೆಳಗಿನ ಕಪ್ಪನ್ನು ತಿಳಿ ಮಾಡಿ, ಪೂರ್ತಿ ಅಳಿಸಬೇಡಿ. ನಿಧಾನದ ಕೆಲಸ, ನಿಜ. ಆದರೆ ರಂಧ್ರ ಹಾಗೇ ಇರುತ್ತದೆ, ಮುಖ ಮುಖದಂತೆಯೇ ಇರುತ್ತದೆ.

ಅರಿಶಿನದ ಶಾಸ್ತ್ರದ ಫೋಟೋಗಳಲ್ಲಿ ಒಂದು ವಿಷಯ. ಹಳದಿ ಜಾಸ್ತಿಯಾಯಿತು ಅಂತ ಇಡೀ ಫೋಟೋದಲ್ಲಿ ಹಳದಿ ಇಳಿಸಿದರೆ ಒಡವೆ, ಜರಿ ಎಲ್ಲಾ ಸಪ್ಪೆ. ಕೆನ್ನೆಗೆ ಮಾತ್ರ ಮಾಸ್ಕ್ ಹಾಕಿ, ಅದೂ ಸ್ವಲ್ಪವೇ ಇಳಿಸಿ. ಶಾಸ್ತ್ರದ ಫೋಟೋದಲ್ಲಿ ಅರಿಶಿನ ಕಾಣಬೇಕಲ್ವಾ.

ಅಜ್ಜ ಅಜ್ಜಿಯರ ಸುಕ್ಕು ನಾನು ತೆಗೆಯುವುದೇ ಇಲ್ಲ. ಅವರ ಕನ್ನಡಕದ ಮೇಲೆ ಹೊಳಪು ಹೊಡೆದಿದ್ದರೆ ಮಾತ್ರ ಸರಿಮಾಡುತ್ತೇನೆ. ಅದಕ್ಕೇ ಗ್ರೂಪ್ ಫೋಟೋ ತೆಗೆಯುವಾಗ, ತಲೆ ಸ್ವಲ್ಪ ತಗ್ಗಿಸಿ ಅಂತ ಹೇಳಿ ಇನ್ನೊಂದೆರಡು ಕ್ಲಿಕ್ ಮಾಡಿಟ್ಟುಕೊಳ್ಳಿ. ಹೊಳಪಿಲ್ಲದ ಫ್ರೇಮಿನಿಂದ ಕಣ್ಣು ತಂದು ಕೂರಿಸುವುದು, ಹೊಳಪಿನಡಿ ಇಲ್ಲದ ಕಣ್ಣನ್ನು ಬರೆಯುವುದಕ್ಕಿಂತ ಎಷ್ಟೋ ಸುಲಭ.